ಜೂನ್ ಒಂದರಂದು ಹುಟ್ಟಿದವಳು

ಗುರುದೇವಿಗೆ ಶಾಂಭವಿಯ ಮೇಲೆ ಹೊಟ್ಟೆಕಿಚ್ಚು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೌದು, ಇದೆ. ಇಲ್ಲವೆನ್ನಲು ನಾನೇನು ಕಲ್ಲೇ? ಅವಳ ಸ್ಕೂಟಿಯ ಮೇಲೆ ಇದೆ. ಸಂಜೆಯವರೆಗೂ ಇಸ್ತ್ರಿ ಕೆಡದ ಅವಳ ಕಾಟನ್ ಸೀರೆಯ ಮೇಲೆ ಇದೆ. ಹೈಟೆಕ್ ಸಿಟಿಯ ಕಂಪನಿಯಲ್ಲಿರುವ ಅವಳ ಗಂಡ ನಿತಿನ ಮಧ್ಯಾಹ್ನ ಫೋನ್ ಮಾಡಿ ಊಟವಾಯಿತಾ ಎಂದು ಕೇಳುತ್ತಾನಲ್ಲ, ಅದರ ಮೇಲೂ ಇದೆ. ನನ್ನ ಯಜಮಾನರು ಅಬಿಡ್ಸ್ ಅಂಚೆ ಕಚೇರಿಯಲ್ಲಿದ್ದಾರೆ. ಊರಿನವರ ಕ್ಷೇಮಸಮಾಚಾರವೆಲ್ಲ ಅವರ ಕೈಯಿಂದಲೇ ದಾಟಿ ಹೋಗುತ್ತದೆ, ಆದರೆ ಹೆಂಡತಿಗೆ ಊಟವಾಯಿತಾ ಎಂದು ಒಂದು ದಿನವೂ ಕೇಳಿದವರಲ್ಲ.

ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಒಳಗೆ ನಡೆದರೆ ಸಿಗುವ ಕಾಲೊನಿಯಲ್ಲಿ ಕನ್ನಡ ಸಂಘದವರು ನಡೆಸುವ ಶಾಲೆ ನಮ್ಮದು. ಮದುವೆಯಾಗಿ ಸಿಂಧನೂರು ಕಡೆಯಿಂದ ಈ ಊರಿಗೆ ಬಂದ ಮರುವರ್ಷದಿಂದಲೂ ನಾನು ಅಲ್ಲಿ ಗಣಿತ ಕಲಿಸುತ್ತಿದ್ದೇನೆ. ಶಾಂಭವಿ ಬಂದದ್ದು ಮೊನ್ನೆ ಮೊನ್ನೆ, ಎರಡು ಮೂರು ವರ್ಷದ ಹಿಂದೆ. ಈ ಬೇಸಿಗೆಯಲ್ಲಿ ನಮ್ಮ ಹೆಡ್‌ಮಿಸ್ ನಿವೃತ್ತರಾದರು. ಆ ಕುರ್ಚಿ ನನ್ನದೆಂದು ನಾನೊಬ್ಬಳೇ ಅಲ್ಲ, ಗಂಟೆ ಹೊಡೆಯುವ ಅಂಬಣ್ಣನೂ ನಂಬಿದ್ದ. ಅವನು ಆಗಲೇ ನನಗೆ ಎದ್ದು ನಿಂತು ನಮಸ್ಕಾರ ಮಾಡತೊಡಗಿದ್ದ.

ಸಂಘದ ಅಧ್ಯಕ್ಷರು ಹಣಮಂತರಾಯರು. ಕೇಂದ್ರ ಸರ್ಕಾರದ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಯಾವ ಮಾತನ್ನೂ ಅಳೆದು ತೂಗಿ ಆಡುವವರು. ನಮ್ಮಿಬ್ಬರನ್ನೂ ಕರೆದು ಕೂಡಿಸಿಕೊಂಡು ಹೇಳಿದರು:

"ಹೊಸಾ ಶಿಕ್ಷಣ ಕಾಯ್ದೆ ಬಂದು ವರ್ಷ ಆತು. ಪಕ್ಕದ ಕಾಲೊನಿ ಶಾಲಿಯವರು ಒಂದು ಕೂಸಿನ್ನ ಸೇರಿಸಿಕೊಳ್ಳಲಾರದ ಹೊಳ್ಳಿ ಕಳಿಸಿ ಪೇಪರಿನ್ಯಾಗ ಬಂದ್ರು. ನಮಗ ಅದು ಬ್ಯಾಡ. ನೀವಿಬ್ಬರೂ ತಾರ್ನಾಕಕ್ಕ ಹೋಗಿ ಶಾಲಾ ಆಡಳಿತದ ಕೋರ್ಸ್ ಮಾಡ್ರಿ, ಕಾನೂನು ಕಲೀರಿ. ಜೂನ್ ತಿಂಗಳ ದಾಖಲಾತಿ ನೀವಿಬ್ಬರೇ ನಡೆಸ್ರಿ. ಅದನ್ನ ನೋಡಿ ಒಬ್ಬರನ್ನ ಆ ಕುರ್ಚಿ ಮ್ಯಾಲ ಕೂಡಸ್ತೀನಿ."

ಇಬ್ಬರೂ ಎಂದರಲ್ಲ, ಅಲ್ಲಿಗೇ ನನ್ನ ಮೈಯೆಲ್ಲ ಉರಿಯಿತು. ನಿನ್ನೆ ಬಂದವಳೂ ನಾನೂ ಒಂದೇ ತಕ್ಕಡಿಯಲ್ಲಿ! ಶಾಂಭವಿ ಮಾತ್ರ ನನ್ನ ಕೈ ಹಿಡಿದುಕೊಂಡು, "ಛಲೋ ಆತು ಅಕ್ಕಾರ, ಕೂಡಿ ಹೋಗೂಣು" ಎಂದಳು.

ಕೂಡಿ ಹೋದದ್ದು ಒಂದೇ ಸಲ. ಅವಳ ಸ್ಕೂಟಿಯ ಹಿಂದೆ ಕೂತು, ಅವಳ ಮಲ್ಲಿಗೆಯ ವಾಸನೆ ಕುಡಿಯುತ್ತ ತಾರ್ನಾಕದವರೆಗೆ ಹೋಗಿ ಇಳಿದಾಗ ನಾನು ಯಾರದೋ ಮನೆಯ ಅತ್ತೆಯ ಹಾಗೆ ಕಾಣುತ್ತಿದ್ದೆ. ಮುಂದಿನ ಶನಿವಾರದಿಂದ ಬಸ್ಸು ಹಿಡಿದೆ.

ಕ್ಲಾಸು ನಡೆಯುತ್ತಿದ್ದದ್ದು ವಿಶ್ವವಿದ್ಯಾಲಯದ ಪಕ್ಕದ ಒಂದು ಹಳೆಯ ಕಟ್ಟಡದಲ್ಲಿ. ಕಾನೂನು ಹೇಳುವವರು ಸುಬ್ಬರಾಯ ಮೇಷ್ಟ್ರು. ಬಳ್ಳಾರಿ ಕಡೆಯವರು, ಹಿಂದೆ ಶಿಕ್ಷಣಾಧಿಕಾರಿಯಾಗಿದ್ದವರು. ಪಾಠ ತೆಲುಗು ಇಂಗ್ಲಿಷಿನಲ್ಲಿ ಮಾಡಿದರೂ ನಮ್ಮ ಕಡೆ ತಿರುಗಿದಾಗ ಕನ್ನಡ ಬರುತ್ತಿತ್ತು. ಕಾನೂನು ನನಗೆ ಇಷ್ಟವಾಯಿತು, ಅದನ್ನು ಹೇಳಲೇಬೇಕು. ಗಣಿತದಲ್ಲಿ ಇರುವಂತೆ ಅಲ್ಲೂ ಮುಖ ನೋಡಿ ಮಣೆ ಹಾಕುವುದಿಲ್ಲ. 'ತಕ್ಕದ್ದು' ಎಂದಿದ್ದರೆ ಮಾಡಲೇಬೇಕು, 'ಬಹುದು' ಎಂದಿದ್ದರೆ ಬಿಟ್ಟರೂ ನಡೆಯುತ್ತದೆ. ಇಷ್ಟು ವರ್ಷ ಶಾಲೆಯೆಂದರೆ ಹೆಡ್‌ಮಿಸ್ಸಿನ ಮರ್ಜಿ ಎಂದು ತಿಳಿದಿದ್ದೆ. ಮಗುವಿಗೂ ಒಂದು ಹಕ್ಕಿದೆ, ಶಾಲೆಯವರು ಅದಕ್ಕೆ ತಲೆಬಾಗಬೇಕು ಎಂದು ಕೇಳಿದಾಗ ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಯೋಚಿಸುತ್ತ ಬಂದೆ.

ಭಾನುವಾರ ಅಬಿಡ್ಸ್ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರಡುತ್ತಾರಲ್ಲ, ಅಲ್ಲಿಂದ ಶಿಕ್ಷಣ ಕಾನೂನಿನ ಒಂದು ದಪ್ಪನೆಯ ಪುಸ್ತಕ ಹುಡುಕಿ ತಂದೆ. ವಾರವಿಡೀ ಒಗ್ಗರಣೆ ಹಾಕುತ್ತ, ಬಟ್ಟೆ ಮಡಚುತ್ತ ಬಾಯಿಪಾಠ ಮಾಡಿದೆ. ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು, ಮಗುವನ್ನು ಸೇರಿಸಿಕೊಳ್ಳಲು ವಯಸ್ಸಿಗೆ ಏನು ಪುರಾವೆ ಬೇಕು ಎಂದು ಕೇಳಿದರು. ನಾನು ಎದ್ದು ನಿಂತು, ಜನನ ಪ್ರಮಾಣಪತ್ರ ಬೇಕೇ ಬೇಕು ಎಂದು ಪುಸ್ತಕದಲ್ಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಚೆನ್ನಾಗಿ ಹೇಳಿದ್ರಿ ಅಮ್ಮಾ. ಆದ್ರೆ ಇದು ಹಳೇ ಮಾತು. ಈಗ ಇದು ನಡಿಯಂಗಿಲ್ಲ" ಎಂದರು. ಇಡೀ ಕ್ಲಾಸು ನಕ್ಕಿತು.

ಶಾಂಭವಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ಮೆತ್ತಗೆ, "ಹದಿನಾಲ್ಕನೇ ಕಲಂ ಸರ್. ವಯಸ್ಸಿನ ಪುರಾವೆ ಇಲ್ಲಂತ ಯಾವ ಮಗೂನ್ನೂ ಹೊಳ್ಳಿ ಕಳಿಸಂಗಿಲ್ಲ. ಜನನ ಪತ್ರ ಇಲ್ಲಂದ್ರ ತಂದಿ ತಾಯಿ ಬರೆದುಕೊಟ್ಟ ಹೇಳಿಕಿನೂ ನಡೀತೈತಿ" ಎಂದಳು. ಅವಳ ಕೈಯಲ್ಲಿ ಹೊಸ ಕಾಯ್ದೆಯ ಪ್ರತಿ ಇತ್ತು. ನಿತಿನ ಆಫೀಸಿನಲ್ಲಿ ಪ್ರಿಂಟ್ ತೆಗೆದು, ನೀಲಿ ರಟ್ಟು ಹಾಕಿಸಿ ಕೊಟ್ಟಿದ್ದ. ನನ್ನ ಪುಸ್ತಕದಿಂದ ಗೆದ್ದಲಿನ ಪುಡಿ ಉದುರುತ್ತಿತ್ತು.

ಆಗ ಮೇಷ್ಟ್ರು ತಮಾಷೆಗೆ, "ಜೂನ್ ಒಂದನೇ ತಾರೀಖು ಹುಟ್ಟಿದವರೆಲ್ಲ ಕೈ ಎತ್ತಿ" ಎಂದರು. ಬೀದರದವರು, ರಾಯಚೂರಿನವರು, ಜಹೀರಾಬಾದಿನವರು, ಎಲ್ಲರ ಕೈಗಳೂ ಒಂದೊಂದೇ ಮೇಲೆದ್ದವು. ನನ್ನದೂ ಎದ್ದಿತು. ಮತ್ತೆ ನಗು. ಹಿಂದೆ ನಮ್ಮ ಕಡೆ ಮಕ್ಕಳನ್ನು ಶಾಲೆಗೆ ಸೇರಿಸುತ್ತಿದ್ದದ್ದೇ ಹಾಗೆ. ನನ್ನನ್ನು ಅಜ್ಜ ಕರೆದುಕೊಂಡು ಹೋಗಿ ಮಾಸ್ತರರ ಮುಂದೆ ನಿಲ್ಲಿಸಿದ. ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಲು ಹೇಳಿದರು. ಕಿವಿ ಸಿಕ್ಕಿದರೆ ಒಂದನೆಯ ಇಯತ್ತೆಗೆ ತಕ್ಕ ವಯಸ್ಸು. ನನಗೆ ಸಿಕ್ಕಿತು. ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನೇ ಹುಟ್ಟಿದ ದಿನವೆಂದು ಬರೆದುಕೊಂಡರು. ಅಷ್ಟೇ, ಮುಗಿಯಿತು.

ಶಾಂಭವಿ ಕೈ ಎತ್ತಲಿಲ್ಲ. ಅವಳ ಅಪ್ಪ ಧಾರವಾಡದಿಂದ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಬಂದವರು, ಅವಳು ಹುಟ್ಟಿದ್ದು ಕಾರ್ಖಾನೆಯ ಆಸ್ಪತ್ರೆಯಲ್ಲಿ. ತಾನು ಹುಟ್ಟಿದ ಹೊತ್ತು, ತೂಕ, ಹಿಡಿದ ನರ್ಸಿನ ಹೆಸರು ಎಲ್ಲವೂ ಅವಳಿಗೆ ಗೊತ್ತು. ಪ್ರತಿ ಆಗಸ್ಟಿನಲ್ಲಿ ಸ್ಟಾಫ್ ರೂಮಿಗೆ ಕೇಕು ತರುತ್ತಾಳೆ, ನಾವೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಬೇಕು. ನನ್ನ ಅವ್ವನನ್ನು ಕೇಳಿದರೆ, "ಹುಣಸಿಹಣ್ಣು ಬಡಿಯೂ ಮುಂದ ಹುಟ್ಟಿದಿ" ಅನ್ನುತ್ತಾಳೆ. ಮರದಿಂದ ಹುಣಸೆಹಣ್ಣು ಬಡಿದು ಇಳಿಸುವ ಕಾಲವೇ ಎರಡು ತಿಂಗಳು, ಅದರಲ್ಲಿ ಯಾವ ದಿನವೆಂದು ಹಿಡಿಯುವುದು? ಸ್ಕೂಟಿ, ಸೀರೆ, ಗಂಡ ಹಾಗಿರಲಿ, ಆ ದಿನ ನನಗೆ ಅವಳ ಆಗಸ್ಟಿನ ಮೇಲೆ ಹೊಟ್ಟೆ ಉರಿಯಿತು. ಸಂಜೆ ಅವ್ವನಿಗೆ ಫೋನ್ ಮಾಡಿ ಅರ್ಧ ಗಂಟೆ ಶಾಂಭವಿಯನ್ನೇ ಬೈದೆ. ಅದು ಆಗಲೇ ರೂಢಿಯಾಗಿಬಿಟ್ಟಿತ್ತು. ಅವ್ವ ಶಾಂಭವಿಯನ್ನು ನೋಡಿದವಳಲ್ಲ, ಆದರೂ ಅವಳ ಸೀರೆಗಳ ಬಣ್ಣ ಹೇಳಬಲ್ಲಳು.

ಕೋರ್ಸ್ ಮುಗಿಯಿತು, ಜೂನ್ ಬಂತು. ಒಂದನೆಯ ತರಗತಿಯ ದಾಖಲಾತಿ ಶಾಂಭವಿಗೆ, ಉಳಿದದ್ದು ನನಗೆ. ಆಫೀಸಿನ ಹೊರಗೋಡೆಯ ಮೇಲೆ, 'ಜನನ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ' ಎಂದು ಕೆಂಪು ಬಣ್ಣದಲ್ಲಿ ಬರೆದ ಸಾಲು ಹಳೆಯ ಕಾಲದಿಂದಲೂ ಇತ್ತು. ಬರೆಸಿದವರು ಸ್ವತಃ ಹಣಮಂತರಾಯರು. ಆ ಸಾಲು ಹೊಸ ಕಾಯ್ದೆಗೆ ವಿರುದ್ಧವೆಂದು ನನಗೂ ಗೊತ್ತಿತ್ತು, ಶಾಂಭವಿಗೂ ಗೊತ್ತಿತ್ತು. ಅಧ್ಯಕ್ಷರ ಮುಂದೆ ಬಾಯಿ ಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಎರಡನೆಯ ವಾರ ಅಂಬಣ್ಣ ಮೂರು ಜನರನ್ನು ನನ್ನ ಹತ್ತಿರ ಕರೆತಂದ. ಗಂಡ ಸಾಬಣ್ಣ, ಹೆಂಡತಿ ಗದಿಗೆಮ್ಮ, ಯಾದಗಿರಿ ಕಡೆಯವರು. ಗಚ್ಚಿಬೌಲಿಯಲ್ಲಿ ಏಳುತ್ತಿರುವ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊರುವವರು. ನಡುವೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ ಸಣ್ಣ ಹುಡುಗಿ, ಚನ್ನು.

"ಕನ್ನಡ ಸಾಲಿ ಐತಂತ ಹೇಳಿದ್ರು ಅಕ್ಕಾರ. ಇದನ್ನ ಒಂದನೇತ್ತಕ್ಕ ಹಾಕಬೇಕಂತ ಬಂದೀವ್ರಿ" ಎಂದಳು ಗದಿಗೆಮ್ಮ.

"ವಯಸ್ಸೆಷ್ಟು?"

"ಆರು ತುಂಬ್ಯಾವ್ರಿ."

"ಹುಟ್ಟಿದ್ದಕ್ಕ ಕಾಗದ ಐತೇನು?"

"ಎಲ್ಲೀದ್ರಿ ಅಕ್ಕಾರ? ಹೊಲದಾಗಿನ ಗುಡಿಸಲದಾಗ ಹುಟ್ಟೈತಿ."

ನನ್ನ ಬಾಯಿ ತಾನಾಗಿಯೇ, "ಬಲಗೈ ತಲಿ ಮ್ಯಾಲಿಂದ ತಂದು ಆ ಕಡಿ ಕಿವಿ ಮುಟ್ಟವಾ" ಎಂದಿತು. ಚನ್ನು ನಾಲಿಗೆ ಕಚ್ಚಿಕೊಂಡು, ತಲೆ ವಾಲಿಸಿ ಪ್ರಯತ್ನಪಟ್ಟಳು. ಬೆರಳು ಕಿವಿಯ ಮೇಲೆಯೇ ನಿಂತಿತು. ಕೈ ಕಡ್ಡಿಯ ಹಾಗಿತ್ತು. ಉಂಡು ಬೆಳೆದ ಮಗುವಲ್ಲ.

ಆಗ ಹೊಳೆಯಿತು ನನಗೆ. ಈ ಮಗುವನ್ನು ಶಾಂಭವಿಯ ಹತ್ತಿರ ಕಳಿಸಿದರೆ ಏನಾಗುತ್ತದೆ? ಕಾಗದವಿಲ್ಲವೆಂದು ಹೊಳ್ಳಿ ಕಳಿಸಿದರೆ ಕಾಯ್ದೆ ಮುರಿದಂತೆ. ಅವಳ ಹದಿನಾಲ್ಕನೇ ಕಲಂ ಎಲ್ಲಿ ಹೋಯಿತು ಎಂದು ಅಧ್ಯಕ್ಷರ ಮುಂದೆ ಕೇಳುತ್ತೇನೆ. ಸೇರಿಸಿಕೊಂಡರೆ ಗೋಡೆಯ ಮೇಲಿನ ಅಧ್ಯಕ್ಷರ ಮಾತು ಮುರಿದಂತೆ, ಅದೂ ಕಿವಿ ಸಿಗದ ಮಗುವಿಗಾಗಿ. ಹೇಗೆ ಹೆಜ್ಜೆ ಇಟ್ಟರೂ ಅವಳು ಜಾರಬೇಕು, ಕುರ್ಚಿ ನನ್ನದಾಗಬೇಕು. ಇಷ್ಟು ಸುಲಭದ ಲೆಕ್ಕ ನಾನು ಮಕ್ಕಳಿಗೂ ಕೊಟ್ಟಿದ್ದಿಲ್ಲ.

"ಆ ಮೂಲಿ ಖೋಲ್ಯಾಗ ಶಾಂಭವಿ ಮೇಡಂ ಅದಾರ. ಅವರ ಹತ್ರ ಹೋಗ್ರಿ. ನಾ ಕಳಿಸೀನಂತ ಮಾತ್ರ ಹೇಳಬ್ಯಾಡ್ರಿ" ಎಂದೆ. ಗದಿಗೆಮ್ಮ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ.

ಸರಿದವಳು ಸುಮ್ಮನೆ ಕ್ಲಾಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮೂಲೆಯ ಕೋಣೆಯ ಕಿಟಕಿಯ ಹೊರಗೆ, ಕೈತೊಳೆಯುವ ನಲ್ಲಿಯ ಹತ್ತಿರ ನಿಂತೆ. ಒಳಗೆ ಶಾಂಭವಿ ಗದಿಗೆಮ್ಮನನ್ನು ಕುರ್ಚಿಯ ಮೇಲೆ ಕೂಡಿಸಿದ್ದಳು. ನನಗೆ ಅದು ಹೊಳೆದಿರಲಿಲ್ಲ, ಮೂವರನ್ನೂ ನಿಲ್ಲಿಸಿಯೇ ಮಾತಾಡಿಸಿದ್ದೆ.

"ಕಾಗದ ಇಲ್ಲಂದ್ರ ಇರಲಿ ಬಿಡ್ರಿ, ನೀವು ಹೇಳಿ ರುಜು ಹಾಕಿದ್ರ ನಡೀತೈತಿ. ಆದ್ರ ಖರೇ ದಿನ ಹೇಳ್ರಿ. ಇಕಿ ಹುಟ್ಟಿದಾಗ ಸುತ್ತಮುತ್ತ ಏನ್ ನಡೆದಿತ್ತು, ನೆನಪು ಮಾಡಿಕೊಳ್ರಿ" ಎನ್ನುತ್ತಿದ್ದಳು.

ಗದಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡು ಯೋಚಿಸಿದಳು. "ಸಮುದ್ರ ಉಕ್ಕಿ ಬಂದು ಭಾಳ ಮಂದಿ ಸತ್ರಲ್ರಿ, ಅದಾದ ಮ್ಯಾಲ. ಎಳ್ಳಮಾಸಿ ದಿನ ಭೂಮಿತಾಯಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ವಿ. ಸಜ್ಜಿಗಡಬು ಉಣ್ಣೂ ಮುಂದ ಬ್ಯಾನಿ ಎದ್ದುವು. ಮರುದಿನ ಬೆಳಕು ಹರಿಯೂ ಹೊತ್ತಿಗೆ ಇದು ಬಂತು. ಮಂಗಳವಾರ, ನಮ್ಮೂರ ಸಂತಿ. ಇವರು ಸಂತಿಗೆ ಹೋಗೂದು ಬಿಟ್ರು."

ಶಾಂಭವಿ ಕಂಪ್ಯೂಟರಿನ ಕಡೆ ತಿರುಗಿ ಹುಡುಕಿದಳು. ಆಮೇಲೆ ಕೂಗಿಯೇಬಿಟ್ಟಳು: "ಎಳ್ಳಮಾವಾಸಿ ಸೋಮವಾರ, ಜನವರಿ ಹತ್ತು. ಅಂದ್ರ ಇಕಿ ಹುಟ್ಟಿದ್ದು ಹನ್ನೊಂದು, ಎರಡು ಸಾವಿರದ ಐದು. ಮಂಗಳವಾರನ ಐತಿ ನೋಡ್ರಿ! ಏನವಾ ಚನ್ನು, ನಿನ್ನ ಹುಟ್ಟಿದ ದಿನ ಸಿಕ್ತು!"

ಚನ್ನು ತನ್ನ ಎರಡೂ ಕೈ ಮುಂದೆ ಚಾಚಿದಳು, ಆ ದಿನವನ್ನು ಯಾರೋ ಕೈಯಲ್ಲಿ ಕೊಡುತ್ತಾರೆ ಎಂಬಂತೆ. ಶಾಂಭವಿ ಡ್ರಾಯರಿನಿಂದ ಒಂದು ಚಾಕ್ಲೇಟು ತೆಗೆದು ಅದರಲ್ಲಿಟ್ಟಳು.

ನಾನು ನಲ್ಲಿಯ ಹತ್ತಿರ ನಿಂತು ಆರು ವರ್ಷದ ಹುಡುಗಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಸಿಮೆಂಟು ಹೊರುವವರ ಮಗಳಿಗೆ ವಾರ, ತಿಥಿ, ತಾರೀಖು ಎಲ್ಲ ಸಿಕ್ಕಿತು. ನನಗೆ ಹುಣಸೆಹಣ್ಣು. ಕೈ ಕಿವಿಗೆ ಮುಟ್ಟದಿದ್ದರೂ ಆ ಮಗುವಿಗೆ ಆರು ತುಂಬಿದ್ದು ನಿಜವೆಂದು ಆಗ ನನಗೆ ಸ್ಪಷ್ಟವಾಗಿ ತಿಳಿಯಿತು. ತಿಳಿದ ಮೇಲೂ ನನ್ನ ಲೆಕ್ಕವನ್ನು ನಾನು ಅಳಿಸಲಿಲ್ಲ.

ಆ ಶನಿವಾರ ಹಣಮಂತರಾಯರು ಬಂದರು. ಹೆಡ್‌ಮಿಸ್ ಕೋಣೆಯಲ್ಲಿ ದೊಡ್ಡ ಕುರ್ಚಿಯನ್ನು ಖಾಲಿ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತು, ದಾಖಲಾತಿ ಹೇಗೆ ನಡೆದಿದೆ ಎಂದು ಕೇಳಿದರು. ನಾನು ಕಾಯಲಿಲ್ಲ.

"ಸರ್, ಗೋಡಿ ಮ್ಯಾಲ ನೀವೇ ಬರೆಸಿದ ನಿಯಮ ಐತಿ. ಅದನ್ನ ದಾಟಿ ಶಾಂಭವಿಯವರು ಒಂದು ಹುಡುಗಿನ್ನ ಸೇರಿಸಿಕೊಂಡಾರ. ಜನನ ಪತ್ರ ಇಲ್ಲ, ಏನಿಲ್ಲ. ಅದರ ಕೈ ಕಿವಿಗೂ ಮುಟ್ಟಂಗಿಲ್ಲ!"

ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಒಂದನೇತ್ತದ ದಾಖಲಾತಿ ಅವರದು. ಅದರ ಕೈ ಕಿವಿಗೆ ಮುಟ್ಟಂಗಿಲ್ಲಂತ ನಿಮಗ ಹೆಂಗ ಗೊತ್ತಾತು?"

ಎಂಜಿನಿಯರನ ಮುಂದೆ ಲೆಕ್ಕ ತಪ್ಪಿದ್ದೆ. ಇನ್ನೇನು, ಎಲ್ಲ ಹೊರಗೆ ಬೀಳುತ್ತದೆ, ಕುರ್ಚಿಯಷ್ಟೇ ಅಲ್ಲ, ಇಷ್ಟು ವರ್ಷದ ಮರ್ಯಾದೆಯೂ ಹೋಗುತ್ತದೆ ಎಂದುಕೊಂಡೆ.

"ಅಕ್ಕಾರ ಮೊದಲು ನೋಡಿದ್ರು ಸರ್" ಎಂದಳು ಶಾಂಭವಿ. "ಅವರನ್ನ ನನ್ನ ಹತ್ರ ಕಳಿಸಿದ್ದೇ ಅಕ್ಕಾರ. ನಾ ಕಳಿಸೀನಂತ ಹೇಳಬ್ಯಾಡ್ರಿ ಅಂದಿದ್ರಂತ, ಗದಿಗೆಮ್ಮ ಬಾಯಿ ತಡೀಲಾರದ ಹೇಳಿಬಿಟ್ಲು. ನಾ ಕಲಂ ಬಾಯಿಪಾಠ ಮಾಡೀನಿ, ಖರೇ ಮಗು ಬಂದು ಮುಂದ ನಿಂತ್ರ ಏನ್ ಮಾಡ್ತೀನಂತ ಅಕ್ಕಾರಿಗೆ ನೋಡಬೇಕಾಗಿತ್ತು. ಮತ್ತ ಗೋಡಿ ಮ್ಯಾಲಿನ ಆ ಸಾಲು ಕಾಯ್ದೆದಾಗ ಕೂಡಂಗಿಲ್ಲ ಸರ್. ನಿಮ್ಮ ಮುಂದ ಆ ಮಾತು ತೆಗೀಲಿಕ್ಕೆ ನನಗ ಅಂಜಿಕಿ ಇತ್ತು. ಇವತ್ತ ಅಕ್ಕಾರೇ ತೆಗೆದ್ರು."

ಹಣಮಂತರಾಯರು ಕನ್ನಡಕ ತೆಗೆದರು. ಪಕ್ಕದ ಕಾಲೊನಿಯ ಶಾಲೆಯ ಸುದ್ದಿ ನೆನಪಾಗಿರಬೇಕು, ಹಣೆ ಒರೆಸಿಕೊಂಡರು. ಅಂಬಣ್ಣನನ್ನು ಕರೆದು ಆ ಕೆಂಪು ಸಾಲಿಗೆ ಇವತ್ತೇ ಸುಣ್ಣ ಬಳಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಖರೇ ಹೇಳ್ತೀನಿ ಗುರುದೇವಿಯವರ, ನನ್ನ ಮನಸಿನ್ಯಾಗ ಶಾಂಭವಿಯವರ ಹೆಸರಿತ್ತು. ಆದ್ರ ಕೂಸಿನ್ನೂ ಒಳಗ ತಂದ್ರಿ, ಸಣ್ಣ ಟೀಚರ್‌ನೂ ತಯಾರ್ ಮಾಡಿದ್ರಿ, ನನ್ನ ತಪ್ಪನ್ನೂ ತೋರಿಸಿದ್ರಿ. ಹೆಡ್‌ಮಿಸ್ ಆಗೂದಂದ್ರ ಇದ. ಏನಂತೀರಿ ಶಾಂಭವಿ?"

"ಅಕ್ಕಾರ ಆದ್ರನ ಸರಿ ಸರ್" ಎಂದಳು ಅವಳು.

ನಾನು ಅವಳ ಮುಖ ನೋಡಿದೆ. ಏನೂ ತಿಳಿಯದೆ ಹಾಗೆ ಹೇಳಿದ್ದರೆ ಪೆದ್ದಿ ಎಂದು ನಕ್ಕು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವಳು ಪೆದ್ದಿಯಲ್ಲ. ಎಲ್ಲ ತಿಳಿದೇ ನನ್ನನ್ನು ಉಳಿಸಿದ್ದರೆ? ಹಾಗಾದರೆ ನಾನು ಹಂಬಲಿಸಿದ ಕುರ್ಚಿ ನನಗೆ ಸಿಕ್ಕಿದ್ದಲ್ಲ, ಅವಳು ಎತ್ತಿ ಕೊಟ್ಟದ್ದು. ಅವಳ ಮುಖದಲ್ಲಿ ಯಾವ ಸುಳಿವೂ ಇರಲಿಲ್ಲ, ಸೀರೆಯ ಇಸ್ತ್ರಿಯೂ ಕೆಟ್ಟಿರಲಿಲ್ಲ. ಆ ಕ್ಷಣ ಬಂದ ಹೊಟ್ಟೆಕಿಚ್ಚಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ.

ಸಂಜೆ ಗೇಟಿನ ಹತ್ತಿರ ಅವಳು ಸ್ಕೂಟಿ ನಿಲ್ಲಿಸಿದಳು. "ಅಕ್ಕಾರ, ನೇಮಕದ ಪತ್ರಕ್ಕ ನಿಮ್ಮ ಹುಟ್ಟಿದ ತಾರೀಖು ಕೇಳ್ಯಾರ. ಕಾಗದಕ್ಕ ಜೂನ್ ಒಂದು ಕೊಟ್ಟೀನಿ. ಆದ್ರ ನಿಮ್ಮ ಖರೇ ದಿನ ಹುಡುಕೂಣಲ್ಲ? ನಿಮ್ಮವ್ವಾರು ಏನರ ಹೇಳಿದ್ರ ಸಾಕು, ಚನ್ನುಂದು ಹುಡುಕಿದಂಗ ನಾ ಹುಡುಕಿ ಕೊಡ್ತೀನಿ. ಈ ಸಲ ಕೇಕು ನಿಮ್ಮದು."

ಬೇಕು ಎಂದು ಗಂಟಲಿನವರೆಗೂ ಬಂದಿತ್ತು. ನನಗೆ ಆ ಕುರ್ಚಿಗಿಂತಲೂ ಅದು ಬೇಕಿತ್ತು.

"ಬ್ಯಾಡ. ನನ್ನದು ಜೂನ್ ಒಂದನ" ಎಂದೆ.

"ಆತ್ರಿ ಅಕ್ಕಾರ. ಬರ್ರಿ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ" ಎಂದಳು. ಅದನ್ನೂ ಬೇಡವೆಂದೆ.

ಮೆಹದಿಪಟ್ಟಣಂ ನಿಲ್ದಾಣದಲ್ಲಿ ಕಂಪನಿಯ ಬಿಳಿ ಬಸ್ಸುಗಳು ಒಂದರ ಹಿಂದೆ ಒಂದು ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ಹಾಕಿದ ಹುಡುಗ ಹುಡುಗಿಯರನ್ನು ಇಳಿಸುತ್ತಿದ್ದವು. ಆ ಗದ್ದಲದ ನಡುವೆ ಒಂದು ಕಿವಿ ಮುಚ್ಚಿಕೊಂಡು ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನಾ ಹೆಡ್‌ಮಿಸ್ ಆದೆ."

"ನನ್ನ ಬಂಗಾರ! ಆಗಬೇಕಾದ್ದು ಆತು ನೋಡು" ಎಂದು ಅವ್ವ ಮೂಗು ಸೀಟಿಕೊಂಡಳು. ನಾನು ಕೇಳಿದೆ:

"ನಾ ಹುಟ್ಟಿದ್ದು ಹುಣಸಿಹಣ್ಣು ಬಡಿಯೂ ಮುಂದ ಅಂತಿದ್ದೆಲ್ಲ, ಅದು ಹುಣ್ಣಿಮಿ ಹತ್ರನೋ ಅಮಾಸಿ ಹತ್ರನೋ? ಯಾವ ವಾರ? ಆ ವರ್ಷ ಊರಾಗ ಮತ್ತೇನಾಗಿತ್ತು? ಸಾವಕಾಶ ನೆನಪ ಮಾಡಿಕೊಂಡು ಹೇಳು."

ನೆನಪು ಮಾಡಿಕೊಂಡು ಹೇಳುತ್ತಾಳೆ ಎಂದುಕೊಂಡೆ.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ಬೇಕಾತು ನಿನಗ?" ಎಂದಳು ಅವ್ವ. "ಆ ಶಾಂಭವಿಗೆ ಐತೇನು ಅದು?"

"ಹೂಂ ಅವ್ವಾ" ಎಂದೆ. "ಅಕಿಗೈತಿ."